ರೊಮಿಲ್ಡಾಳ ಸುಲಭದ ಹಾದಿ

ಪಾಸೊ ಲೇವಾ ಊರಿನಲ್ಲಿ ಕಾಲುಹಾದಿ ಕಾಯುವುದೂ ಒಂದು ಕೆಲಸ ಎಂದರೆ ಹೊರಗಿನಿಂದ ಬಂದವರಿಗೆ ನಗು ಬರುತ್ತದೆ. ಹಾದಿಯನ್ನು ಕಾಯುವುದೇನು, ಅದು ಎದ್ದು ಓಡಿಹೋಗುತ್ತದೆಯೇ ಅನ್ನುತ್ತಾರೆ. ನಿಜಕ್ಕೂ ಓಡಿಹೋಗುತ್ತದೆ. ಆ ಬಯಲಿನಲ್ಲಿ ಹದಿನೈದು ದಿನ ಯಾರೂ ತುಳಿಯದೆ ಬಿಟ್ಟರೆ ಎರಡೂ ಕಡೆಯ ಹುಲ್ಲು ಬಾಗಿ ಹಾದಿಯನ್ನು ಮುಚ್ಚಿಬಿಡುತ್ತದೆ. ಆಮೇಲೆ ಅದು ಎಲ್ಲಿತ್ತೆಂದು ಹುಡುಕಿದರೂ ಗೊತ್ತಾಗುವುದಿಲ್ಲ. ಹಾಗಾಗದಂತೆ ಹನ್ನೊಂದು ವರ್ಷ ನೋಡಿಕೊಂಡವಳು ರೊಮಿಲ್ಡಾ ತೆಚೇರಾ.

ಈ ಸಂಗತಿ ನಡೆದಾಗ ಅವಳಿಗೆ ಐವತ್ತಾರು. ಗಿಡ್ಡ ಮೈ, ಅಗಲ ಭುಜ, ಮಾತು ಕಡಿಮೆ. ಮೊದಲು ಇಪ್ಪತ್ತೆರಡು ವರ್ಷ ಕುರಿ ಉಣ್ಣೆ ಕತ್ತರಿಸುವ ತಂಡಗಳ ಜೊತೆ ಅಲೆದು ಮೂವತ್ತು ಮೂವತ್ತು ಗಂಡಸರಿಗೆ ಅಡುಗೆ ಮಾಡಿ ಹಾಕಿದ್ದಳು. ಊರಿನ ಆಡಳಿತದವರು ಯೀ ನದಿಯ ದಂಡೆಯಲ್ಲಿ ಒಂದು, ಹುಲ್ಲುಗಾವಲಿನಲ್ಲಿ ಒಂದು, ಹೀಗೆ ಎರಡು ಕಾಲುಹಾದಿ ಮಾಡಿ ಕಾಯುವವರು ಬೇಕೆಂದಾಗ ಇವಳೂ ಹೋಗಿ ಸಾಲಿನಲ್ಲಿ ನಿಂತಳು. "ನಿಮಗೆ ಏನು ಗೊತ್ತು?" ಎಂದು ಕೇಳಿದರು. "ನಡೆಯೋದು ಗೊತ್ತು" ಅಂದಳು. ಕೆಲಸ ಸಿಕ್ಕಿತು.

ಬೆಳಿಗ್ಗೆ ಆರಕ್ಕೆ ಹೊರಟು ಎರಡೂ ಹಾದಿಗಳನ್ನು ಒಮ್ಮೆ ನಡೆದು ಬರುವುದು ಅವಳ ದಿನಚರಿ. ಉದ್ದ ಹಿಡಿಯ ಕುಡುಗೋಲಿನಿಂದ ಹುಲ್ಲು ಸವರುತ್ತಿದ್ದಳು, ಬಿದ್ದ ಕೊಂಬೆ ಎಳೆದು ಹಾಕುತ್ತಿದ್ದಳು, ಗೂಟಗಳ ತಲೆಗೆ ಬಿಳಿ ಬಣ್ಣ ಬಳಿಯುತ್ತಿದ್ದಳು. ಹಾದಿಯ ಬಾಯಲ್ಲಿ ಒಂದು ಹಲಗೆ. ಅದರಲ್ಲಿ ಮೇಲೆ ಊರಿನ ಹೆಸರು, ಕೆಳಗೆ ದಪ್ಪಕ್ಷರದಲ್ಲಿ 'ಸುಲಭ'. ಆರು ವರ್ಷದವರಿಂದ ಎಂಬತ್ತು ವರ್ಷದವರವರೆಗೆ ಯಾರು ಬೇಕಾದರೂ ನಡೆಯಬಹುದು ಎಂಬರ್ಥದಲ್ಲಿ. ಆ ಅಕ್ಷರ ಅವಳೇ ಬರೆದದ್ದು. ಪ್ರತಿ ವಸಂತದಲ್ಲಿ ಅದರ ಮೇಲೆ ಹೊಸ ಬಣ್ಣ ಕೊಡುತ್ತಿದ್ದಳು.

ಹಾದಿ ಶುರುವಾಗುವ ಕಡೆ ಒಂದು ಮರದ ಗೇಟು. ಅದರಾಚೆ ದನ ಮೇಯುವ ಬಯಲು. ಆ ಸೀಮೆಯ ಹಳ್ಳಿಗರಿಗೆ ಗೇಟಿನ ಕಟ್ಟಳೆಯನ್ನು ಯಾರೂ ಕಲಿಸಬೇಕಾಗಿಲ್ಲ. ಮುಚ್ಚಿದ್ದನ್ನು ದಾಟಿದರೆ ಮುಚ್ಚಬೇಕು, ತೆರೆದಿದ್ದನ್ನು ದಾಟಿದರೆ ತೆರೆದೇ ಬಿಡಬೇಕು. ಅಂಬೆಗಾಲಿಡುವ ಮಕ್ಕಳೂ ಅದನ್ನು ನೋಡಿಯೇ ಬೆಳೆಯುತ್ತವೆ. ಆದರೆ ಹಾದಿಗೆ ಬರುವವರೆಲ್ಲ ಪೇಟೆಯವರು, ಬಣ್ಣದ ಬೂಟಿನವರು. ಎಷ್ಟು ಬೈದರೂ ಅವರು ಗೇಟನ್ನು ಹಾರು ಹೊಡೆದು ಬಿಟ್ಟೇ ಹೋಗುತ್ತಿದ್ದರು. ಕೆಲವು ವರ್ಷಗಳಾದ ಮೇಲೆ ರೊಮಿಲ್ಡಾ ಬೈಯುವುದನ್ನು ಬಿಟ್ಟು ಅದನ್ನೇ ಗುರುತು ಮಾಡಿಕೊಂಡಳು. ಗೇಟು ತೆರೆದಿದ್ದರೆ ಒಳಗೆ ಜನ ಇದ್ದಾರೆ. ಮುಚ್ಚಿದ್ದರೆ ಇಲ್ಲ. ಅಲ್ಲಿಂದೀಚೆಗೆ ಈ ಗುರುತು ಒಮ್ಮೆಯೂ ತಪ್ಪಿರಲಿಲ್ಲ.

ಮನೆಯಲ್ಲಿ ಅವಳ ಜೊತೆಗಿದ್ದವನು ಅಣ್ಣ ಅತಾಲಿವಾ, ಅವಳ ಬಾಯಲ್ಲಿ ತಾಲೊ. ಅರವತ್ತೇಳು ವರ್ಷ. ನಲವತ್ತು ವರ್ಷ ಕುದುರೆಯ ಮೇಲೆ ಕೂತು ಸಾವಿರ ಸಾವಿರ ದನಗಳ ಮಂದೆಯನ್ನು ಹೊಳೆಗಳನ್ನು ದಾಟಿಸಿ ದೂರದ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದವನು. ಆರು ವರ್ಷದ ಹಿಂದೆ ಕುದುರೆ ಮುಗ್ಗರಿಸಿ ಅವನ ಮೇಲೇ ಬಿದ್ದು ಸೊಂಟದ ಕೀಲು ಮುರಿಯಿತು. ಮತ್ತೆ ಜೀನಿಗೆ ಹತ್ತಲಾಗಲಿಲ್ಲ. ಇದ್ದ ಮೂರು ಕುದುರೆಗಳನ್ನೂ ಮಾರಿದ. ಆದರೂ ಹೊರಗೆ ಹೋಗುವಾಗ ಸವಾರಿಯ ಬೂಟನ್ನೇ ಹಾಕುತ್ತಿದ್ದ. ಅದೂ ಹೋಗುತ್ತಿದ್ದದ್ದು ಎದುರಿನ ಅಂಗಡಿಯವರೆಗೆ, ಅಷ್ಟೇ.

"ನಡೀಬೇಕಂತೆ ನೀನು" ಎಂದು ರೊಮಿಲ್ಡಾ ದಿನಾ ಹೇಳುತ್ತಿದ್ದಳು. "ಡಾಕ್ಟ್ರಮ್ಮ ಹೇಳಿದ್ದು ಕೇಳಿಸ್ಲಿಲ್ವ? ನಡೀದಿದ್ರೆ ಕೀಲು ಹಿಡ್ಕೊಂಡ್‌ಬಿಡತ್ತೆ. ನನ್ನ ಹಾದಿ ಇದೆ, ಒಂದು ಕಲ್ಲಿಲ್ಲ, ಒಂದು ಏರಿಲ್ಲ."

"ನಾಯಿ ನಡೀತದೆ, ಕೋಳಿ ನಡೀತದೆ" ಅನ್ನುತ್ತಿದ್ದ ಅತಾಲಿವಾ, ಸೋರೆಬುರುಡೆಗೆ ಬಿಸಿನೀರು ಹೊಯ್ದು ಮಾಟೆ ಸೊಪ್ಪಿನ ಕಷಾಯ ಹೀರುತ್ತ. "ಗಂಡಸು ನಡೆಯೋದು ಕುದುರೆ ಸತ್ತಾಗ. ಅದೂ ಇನ್ನೊಂದು ಸಿಗೋವರೆಗೆ."

"ಇಡೀ ಊರು ನಡೀತದೆ ತಾಲೊ."

"ಊರಿಗೇನು, ಅದು ಹುಟ್ಟಿದ್ದೇ ಕಾಲಿನ ಮೇಲೆ. ಎಲ್ಬಿಯೊ ಕಣ್ಣಿಗೆ ನಾನು ಬಿದ್ರೆ? ಕೋಲು ಊರ್ಕೊಂಡು, ಪೇಟೆ ಹೆಂಗಸ್ರ ಹಿಂದೆ, ಹೂವು ನೋಡ್ಕೊಂಡು ಹೋಗ್ತಾ? ಅದಕ್ಕಿಂತ ನನ್ನನ್ನ ಹೂತುಬಿಡು ಹುಡುಗಿ."

ಎಲ್ಬಿಯೊ ಅವನ ಹಳೆಯ ಜೊತೆಗಾರ, ಹತ್ತಾರು ಮಂದೆಗಳನ್ನು ಇಬ್ಬರೂ ಕೂಡಿ ಹೊಡೆದವರು. ಅರವತ್ತೊಂಬತ್ತಾದರೂ ಎಲ್ಬಿಯೊ ದಿನಾ ಬೆಳಿಗ್ಗೆ ಹೆಣ್ಣು ಕುದುರೆಯೇರಿ ಅವರ ಮನೆ ಮುಂದೆ ಹಾದುಹೋಗುತ್ತಿದ್ದ. ಕಿಟಕಿಯ ಹತ್ತಿರ ಬಂದಾಗ ಟೋಪಿ ಮುಟ್ಟುತ್ತಿದ್ದ. ಗೊರಸಿನ ಸದ್ದು ಬೀದಿಯ ಕೊನೆಗೆ ಮುಟ್ಟಿ ನಿಲ್ಲುವವರೆಗೂ ಅತಾಲಿವಾ ಮಾಟೆ ಹೀರುತ್ತಿರಲಿಲ್ಲ.

ಅದು ಅಕ್ಟೋಬರಿನ ಒಂದು ಮಂಗಳವಾರ. ಪಾಸೊ ಲೇವಾದಲ್ಲಿ ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಆದರೆ ಮೇಲಿನ ಸೀಮೆಯಲ್ಲಿ ಎರಡು ದಿನ ಮಳೆ ಹೊಡೆದಿದೆ, ಸಂಜೆಯೊಳಗೆ ನದಿ ಏರುತ್ತದೆ ಎಂದು ಮಧ್ಯಾಹ್ನ ಎರಡಕ್ಕೆ ರೇಡಿಯೋದಲ್ಲಿ ಹೇಳಿದರು. ಯೀ ನದಿಯ ನೆರೆ ಯಾವಾಗಲೂ ಹಾಗೆಯೇ, ಬಿಸಿಲಿನಲ್ಲಿ ಸದ್ದಿಲ್ಲದೆ ಬರುತ್ತದೆ. ದಂಡೆಯ ಉದ್ದಕ್ಕೂ ಎತ್ತರದ ದಿಬ್ಬ, ಅದರ ಮೇಲೆ ಕಾಲುಹಾದಿ, ದಿಬ್ಬದ ಹಿಂದೆ ಬಯಲಿನ ಕಡೆಗೆ ಇನ್ನೂರು ಹೆಜ್ಜೆ ಅಗಲದ ತಗ್ಗು. ನೀರು ದಿಬ್ಬದ ಮೇಲೆ ಹರಿಯುವ ಮುಂಚೆ ಕೆಳಗೆ ಹಳೆಯ ಸೇತುವೆಯ ಹತ್ತಿರದ ಕಾಲುವೆಯಿಂದ ಒಳನುಗ್ಗಿ ಆ ತಗ್ಗನ್ನು ತುಂಬುತ್ತದೆ. ದಿಬ್ಬದ ಮೇಲೆ ನಡೆಯುವವನಿಗೆ ಎದುರಿನ ನದಿ ಮಾತ್ರ ಕಾಣುತ್ತದೆ. ಬೆನ್ನ ಹಿಂದೆ ನೀರು ಬಂದದ್ದು ತಿರುಗಿ ನೋಡಿದಾಗಲೇ ಗೊತ್ತಾಗುವುದು.

ರೊಮಿಲ್ಡಾ ಎರಡೂಕಾಲಿಗೆ ಗೇಟಿನ ಹತ್ತಿರ ಬಂದಳು. ಊರೆಲ್ಲ ಊಟ ಮುಗಿಸಿ ಕಿಟಕಿ ಮುಚ್ಚಿ ಮಲಗುವ ಹೊತ್ತು. ಗೇಟು ಮುಚ್ಚಿತ್ತು. ಕೊಂಡಿ ಕೂಡ ನೀಟಾಗಿ ಮೊಳೆಗೆ ಸಿಕ್ಕಿಕೊಂಡಿತ್ತು. ಹಾದಿಯನ್ನು ಮುಚ್ಚುವ ಮುಂಚೆ ಕೊನೆಯವರೆಗೂ ನಡೆದು ನೋಡಬೇಕು ಎಂದು ಆಡಳಿತದವರ ಕಾಗದದಲ್ಲಿತ್ತು. ಅವಳು ಬೆಳಿಗ್ಗೆ ಆಗಲೇ ಹನ್ನೊಂದು ಕಿಲೋಮೀಟರು ನಡೆದಿದ್ದಳು, ಕಾಲು ನೋಯುತ್ತಿತ್ತು, ಕಣ್ಣೆದುರಿಗೇ ಗುರುತಿತ್ತು. ಬಾಯಿಗೆ ಕೈ ಅಡ್ಡ ಹಿಡಿದು ಎರಡು ಸಲ ಕೂಗಿದಳು. ಎದುರುಗಾಳಿ. ಉತ್ತರ ಬರಲಿಲ್ಲ. ಸರಪಳಿ ಸುತ್ತಿ ಬೀಗ ಹಾಕಿ, ಕೆಂಪು ಬಟ್ಟೆ ಕಟ್ಟಿ ಮನೆಗೆ ಬಂದು ಮಲಗಿದಳು.

ನಾಲ್ಕಕ್ಕೆ ಎದ್ದು ಮಾಟೆಗೆ ನೀರಿಟ್ಟಳು. ಅಣ್ಣನ ಕೋಣೆಯಲ್ಲಿ ಹಾಸಿಗೆ ಖಾಲಿ. ಹಿತ್ತಲಲ್ಲೂ ಇಲ್ಲ. ಅಂಗಡಿಗೆ ಹೋಗಿರಬಹುದು ಅಂದುಕೊಂಡು ತಿರುಗಿದವಳು ಬಾಗಿಲ ಮೂಲೆಯಲ್ಲಿ ಅವನ ಸವಾರಿ ಬೂಟು ಕಂಡು ನಿಂತುಬಿಟ್ಟಳು. ಬೂಟಿಲ್ಲದೆ ಅವನು ಬೀದಿಗೆ ಇಳಿಯುವವನಲ್ಲ. ಮನೆಯೊಳಗೆ ಹಾಕುವ, ಹಗ್ಗದ ಅಟ್ಟೆಯ ಬಟ್ಟೆ ಚಪ್ಪಲಿ ಇರಲಿಲ್ಲ.

ಪಕ್ಕದ ಮನೆಯ ನೆಲ್ಲಿ ಹೊಲಿಗೆಯವಳು. ಊರು ಮಲಗಿದಾಗಲೂ ಅವಳ ಮಷೀನು ನಿಲ್ಲುವುದಿಲ್ಲ. ಬೇಲಿಯಿಂದಲೇ ರೊಮಿಲ್ಡಾ ಕೇಳಿದಳು: "ನಮ್ಮ ತಾಲೊನ ನೋಡಿದ್ಯೇನೆ?"

ನೆಲ್ಲಿ ತುಟಿಯ ಮಧ್ಯದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು. "ಹೇಳಬಾರ್ದು ಅಂದಿದ್ರು."

"ಏನು ಹೇಳಬಾರ್ದು?"

"ಅಯ್ಯೋ, ಬೈಬೇಡ ನಂಗೆ. ಮೂರು ವಾರ ಆಯ್ತು. ದಿನಾ ಎಲ್ಲಾರೂ ಮಲಗಿದ ಮೇಲೆ ಹಿಂದಿನ ಓಣಿಯಿಂದ ಹೋಗ್ತಾರೆ, ನಿನ್ನ ಹಾದಿಗೆ. ಎದ್ದೇಳೋ ಹೊತ್ತಿಗೆ ವಾಪಸ್ಸು. ಮೊನ್ನೆ ಸೇತುವೆವರೆಗೂ ಹೋದೆ ಅಂದ್ರು, ಮುಖ ನೋಡಬೇಕಿತ್ತು ನೀನು! ಬಾಯಿ ಮುಚ್ಕೊಂಡಿರು ಅಂತ ಮೊಟ್ಟೆ ಕೊಡ್ತಿದ್ರು. ನಿಮ್ಮ ಮನೇದೇ ಮೊಟ್ಟೆ."

ರೊಮಿಲ್ಡಾಗೆ ಮುಚ್ಚಿದ ಗೇಟು ನೆನಪಾಯಿತು. ಆ ಬಯಲಿನ ಮೇಲೆ ಎಂಥ ಅವಸರದಲ್ಲೂ ಹಿಂದೆ ತಿರುಗಿ ಗೇಟು ಮುಚ್ಚಿ ಕೊಂಡಿ ಸಿಕ್ಕಿಸುವವನು ಊರಿನಲ್ಲಿ ಯಾರಾದರೂ ಇದ್ದರೆ ಅವನೇ. ಇಷ್ಟು ವರ್ಷ ಒಂದು ಮಂದೆಯಲ್ಲೂ ಒಂದು ಕರುವನ್ನು ಕಳೆದುಕೊಳ್ಳದವನು.

"ಪೊಲೀಸ್ ಚೌಕಿಗೆ ಓಡು" ಅಂದಳು. "ದೋಣಿ ಬೇಕು ಅನ್ನು. ಆಮೇಲೆ ಎಲ್ಬಿಯೊ ಮನೆಗೆ. ಕುದುರೆ ತರೋಕೆ ಹೇಳು."

"ಎಲ್ಬಿಯೊಗೆ ಗೊತ್ತಾದ್ರೆ ಅವರು ನಾಚಿಕೆಗೆ ಸತ್ತೇ ಹೋಗ್ತಾರೆ ರೊಮಿಲ್ಡಾ."

"ಓಡು ಅಂದೆ!"

ಗೇಟಿನ ಹತ್ತಿರ ಅವಸರದಲ್ಲಿ ಬೀಗದ ಕೈ ಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದಾಗ ಗೇಟಿನಾಚೆಯ ಒದ್ದೆ ಮಣ್ಣು ಕಾಣಿಸಿತು. ಹಗ್ಗದ ಅಟ್ಟೆಯ ಅಚ್ಚು, ಪಕ್ಕದಲ್ಲಿ ಕೋಲಿನ ತೂತು. ಹೆಜ್ಜೆಗಳು ಬಯಲಿನ ಕಡೆಯಿಂದ ಗೇಟಿನವರೆಗೆ ಬಂದಿದ್ದವು. ಅಲ್ಲೇ ಒಂದಷ್ಟು ಹೊತ್ತು ನಿಂತು ಮಣ್ಣು ತುಳಿದಾಡಿದ್ದವು. ಆಮೇಲೆ ತಿರುಗಿ ಬಂದ ಕಡೆಗೇ ಹೋಗಿದ್ದವು.

ಅವನು ವಾಪಸ್ಸು ಬಂದಿದ್ದ. ಅವಳು ಬೀಗ ಹಾಕಿಕೊಂಡು ಹೋದ ಮೇಲೆ ಬಂದಿದ್ದ. ಏಳು ತಂತಿಯ ಬೇಲಿ, ಮುರಿದ ಸೊಂಟದವನಿಗೆ ಹತ್ತಲೂ ಆಗದು, ನುಸುಳಲೂ ಆಗದು. ಮೊದಲನೆಯ ಮನೆ ಅಲ್ಲಿಂದ ಮುನ್ನೂರು ಹೆಜ್ಜೆ. ಒಂದು ಸಲ ಕೂಗಿದ್ದರೆ ಯಾರಾದರೂ ಎದ್ದು ಬರುತ್ತಿದ್ದರು. ಅವನು ಕೂಗಿರಲಿಲ್ಲ. ಯಾಕೆ ಕೂಗಲಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವಳು ಓಡಿದಳು. ಬಯಲಿನ ತುಂಬ ಟಿಟ್ಟಿಭ ಹಕ್ಕಿಗಳು ಮೇಲೆದ್ದು ಕಿರುಚುತ್ತಿದ್ದವು. ಅವುಗಳ ಮೊಟ್ಟೆಯ ಗೂಡುಗಳಿಗೆ ನೀರು ಬರುತ್ತಿತ್ತು. ತಗ್ಗಿನ ಹತ್ತಿರ ಬಂದಾಗ ತಗ್ಗೇ ಇರಲಿಲ್ಲ. ಬಿಸಿಲಿಗೆ ಥಳಥಳ ಹೊಳೆಯುವ ಕಂದು ನೀರು, ಅದರ ಮೇಲೆ ಅವಳು ಬಳಿದ ಬಿಳಿ ಗೂಟಗಳ ತಲೆಗಳು ಸಾಲಾಗಿ ಆಚೆ ದಿಬ್ಬದವರೆಗೆ. ಅವಳಿಗೆ ಈಜು ಬರುತ್ತಿರಲಿಲ್ಲ. ಆದರೆ ನೆಲ ಗೊತ್ತಿತ್ತು. ಏಳನೆಯ ಗೂಟದ ಹತ್ತಿರ ಗುಂಡಿ ಇದೆ, ಎಡಕ್ಕೆ ಸರಿಯಬೇಕು. ಹನ್ನೊಂದರಿಂದ ಹದಿಮೂರರವರೆಗೆ ಗಟ್ಟಿ ಮಣ್ಣು. ಒಂದು ಉದ್ದ ಕೊಂಬೆ ಊರಿಕೊಂಡು ಇಳಿದಳು. ತಣ್ಣನೆಯ ನೀರು ಮೊಣಕಾಲಿಗೆ ಬಂತು, ಸೊಂಟಕ್ಕೆ ಬಂತು, ನಡುವಿನಲ್ಲಿ ಎದೆಗೆ ಬಂದು ಉಸಿರು ಕಟ್ಟಿಸಿತು. "ತಾಲೊ" ಎಂದು ಕೂಗಲು ಹೋದರೆ ಬಾಯಿಯಿಂದ ಬರೀ ಗಾಳಿ ಬಂತು.

ಅವನು ಸಿಕ್ಕಿದ್ದು ದಿಬ್ಬದ ನಡುಭಾಗದಲ್ಲಿ, ಅವಳೇ ಮೂರು ವರ್ಷದ ಹಿಂದೆ ಹಾಕಿಸಿದ ಕಲ್ಲುಬೆಂಚಿನ ಮೇಲೆ. ಸುತ್ತ ಮೊಲಗಳು, ಮೈಮೇಲೆ ಚಿಪ್ಪಿರುವ ಮುಲೀಟಾ ಎಂಬ ಸಣ್ಣ ಪ್ರಾಣಿಗಳು, ಇಲಿಯ ಜಾತಿಯವೇ ಆದರೂ ಹಂದಿಯಷ್ಟು ದಪ್ಪದ ಎರಡು ಕಾರ್ಪಿಂಚೊಗಳು, ಮೂರು ಹಾವು. ಎಲ್ಲವೂ ಒಂದರ ಗೊಡವೆಗೆ ಒಂದು ಹೋಗದೆ ಕೂತಿದ್ದವು. ಅತಾಲಿವಾನ ಪ್ಯಾಂಟು ಸೊಂಟದವರೆಗೆ ತೋಯ್ದಿತ್ತು, ತುಟಿ ನೀಲಿಯಾಗಿತ್ತು.

"ನೀನ್ಯಾಕೆ ಬಂದೆ?" ಅಂದ. "ಈಜೂ ಬರಲ್ಲ ನಿಂಗೆ. ಒಬ್ಬ ಸಾಯೋ ಕಡೆ ಇಬ್ಬರು ಯಾಕೆ?"

"ನಾನೇ ಹಾಕಿದ್ದು ತಾಲೊ. ಬೀಗ ನಾನೇ ಹಾಕಿದ್ದು. ಗೇಟು ಮುಚ್ಚಿತ್ತು, ಯಾರೂ ಇಲ್ಲ ಅಂತ..."

"ಮುಚ್ಚಿದ್ದೆ. ತೆರೆದು ಬಿಡ್ತೀನಾ?" ಅವನಿಗೆ ಅವಮಾನವಾದಂತಿತ್ತು. "ವಾಪಸ್ ಬರುವಾಗ ತಗ್ಗಿನಲ್ಲಿ ಪಾದ ಮುಳುಗೋಷ್ಟು ನೀರಿತ್ತು. ನೆರೆ ಅಂತ ಗೊತ್ತಾಯ್ತು. ಗೇಟಿಗೆ ಬಂದ್ರೆ ಬೀಗ. ಸೇತುವೆ ಕಡೆ ಮೆಟ್ಟಿಲು ಹತ್ತಿ ಹೋಗೋಣ, ಹೊತ್ತಿದೆ ಅಂತ ಲೆಕ್ಕ ಹಾಕಿದೆ. ಇಲ್ಲಿಂದ ಸೇತುವೆಗೆ ಹತ್ತು ನಿಮಿಷ." ಅವನು ತನ್ನ ಚಪ್ಪಲಿ ನೋಡಿದ. "ಕುದುರೆ ಮೇಲೆ ಹತ್ತು ನಿಮಿಷ ಕಣೆ. ಜೀವಮಾನವೆಲ್ಲ ಅದೇ ಲೆಕ್ಕ ನಂದು. ಕಾಲಿನ ಲೆಕ್ಕ ಬರಲಿಲ್ಲ. ಅರ್ಧ ದಾರೀಲೇ ಮುಂದೂ ನೀರು, ಹಿಂದೂ ನೀರು."

"ಕೂಗಬಾರ್ದಿತ್ತಾ?"

ಅವನು ಕೋಲಿನ ತುದಿಯಿಂದ ಚಪ್ಪಲಿಯ ಮಣ್ಣು ಕೆರೆದ.

ಅವಳು ತಿರುಗಿ ನೋಡಿದಳು. ತಾನು ದಾಟಿ ಬಂದ ಸಾಲಿನಲ್ಲಿ ನಡುವಿನ ನಾಲ್ಕು ಗೂಟಗಳ ತಲೆ ಆಗಲೇ ಮುಳುಗಿತ್ತು. ಬಂದ ಹಾಗೆ ಇನ್ನು ಹೋಗಲಾಗದು. ಬೆಂಚಿನಿಂದ ನೀರಿನ ಅಂಚಿಗೆ ಎರಡೂ ಕಡೆ ಹದಿನೈದು ಹೆಜ್ಜೆ ಉಳಿದಿತ್ತು. ಅವಳು ಸುಮ್ಮನಿರಲಾರದೆ ಅಳೆದಳು. ಮತ್ತೆ ಅಳೆದಾಗ ಹನ್ನೆರಡು.

ಐದೂವರೆಗೆ ಆಚೆ ದಡದಲ್ಲಿ ಎಲ್ಬಿಯೊ ಕಾಣಿಸಿದ. ಜೀನು ಬಿಚ್ಚಿ ಬಿಸಾಕಿ ಬರೀ ಬೆನ್ನಿನ ಮೇಲೆ ಕೂತು ಹೆಣ್ಣು ಕುದುರೆಯನ್ನು ನೀರಿಗಿಳಿಸಿದ. ನಡುವಿನಲ್ಲಿ ಕುದುರೆಯ ತಲೆ, ಮುದುಕನ ಟೋಪಿ ಮಾತ್ರ ಕಾಣುತ್ತಿದ್ದವು. ಅತಾಲಿವಾ ಬೆಂಚಿನಿಂದ ಎದ್ದು ನಿಂತ. ಕೋಲನ್ನು ಹುಲ್ಲಿನಲ್ಲಿ ಎಸೆದುಬಿಟ್ಟ.

ದಡ ಹತ್ತಿದ ಎಲ್ಬಿಯೊ ಹಳೆಯ ಗೆಳೆಯನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದ. "ಏನಪ್ಪಾ ತೆಚೇರಾ, ಸ್ನಾನಕ್ಕೆ ಬಂದಿದ್ಯೇನೋ?"

"ನಿನ್ನ ಕುದುರೆಗೆ ವಯಸ್ಸಾಯ್ತು" ಅಂದ ಅತಾಲಿವಾ. "ಉಬ್ಬಸ ಬಿಡ್ತಿದೆ."

"ನಿನಗಿಂತ ಚಿಕ್ಕದು. ಬಾ, ಕುತ್ತಿಗೆ ಹಿಡ್ಕೊ."

ಮುಳುಗಿದ್ದ ಮುಳ್ಳುತಂತಿ ಕುದುರೆಯ ಮುಂಗಾಲನ್ನು ಸೀಳಿತ್ತು. ಅದು ಕಾಲು ಊರದೆ ನಡುಗುತ್ತ ನಿಂತಿತ್ತು. ಅದು ಮತ್ತೊಂದು ಸಲ ಹೋಗಬಹುದು, ಮೂರನೆಯ ಸಲ ಬಹುಶಃ ಆಗದು ಎಂಬುದು ಮೂವರಿಗೂ ತಿಳಿದಿತ್ತು.

"ಇವಳು ಮೊದಲು" ಅಂದ ಅತಾಲಿವಾ.

"ಇಲ್ಲ. ನೀನು ಹೋಗು. ನನ್ನ ತಪ್ಪಿಗೆ ನಾನಿರ್ತೀನಿ." ರೊಮಿಲ್ಡಾ ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾನು ಏಳೋದಿಲ್ಲ. ಎಳೆದ್ರೂ ಏಳೋದಿಲ್ಲ."

"ಹುಡುಗಿ, ಇಲ್ಲಿ ನೋಡು. ಹೊಳೆ ದಾಟಿಸುವಾಗ ಮುಖ್ಯಸ್ಥ ಯಾರು ಇಲ್ಲಿ? ಈಜು ಬರದವರು ಮೊದಲು, ಬರುವವರು ಕೊನೆಗೆ. ಎಲ್ಬಿಯೊ, ನಾನು ಯಾವತ್ತಾದ್ರೂ ಮುಂದೆ ದಾಟಿದ್ದುಂಟಾ?"

"ಇಲ್ಲ" ಅಂದ ಎಲ್ಬಿಯೊ ಮೆಲ್ಲಗೆ. "ಯಾವಾಗ್ಲೂ ಕೊನೇಗೆ."

ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಣ್ಣನೇ ಅವಳನ್ನು ಕುದುರೆಯ ಮೇಲೆ ತಳ್ಳಿದ. ಅವಳು ಹೋದಳು. ಆ ಕ್ಷಣದಲ್ಲಿ ಇಳಿದುಬಿಡಬಹುದಿತ್ತು, ಇಳಿಯಲಿಲ್ಲ. ಒಳಗೆಲ್ಲೋ ಬದುಕುವ ಆಸೆ ಇತ್ತು. ಮುಂದೆ ಅವಳನ್ನು ಬೀಗಕ್ಕಿಂತ ಹೆಚ್ಚಾಗಿ ಸುಟ್ಟದ್ದು ಇದೇ. ನೀರು ಬಾಯಿಗೆ ನುಗ್ಗಿತು, ಕುದುರೆಯ ಜೂಲು ಬೆರಳಿಗೆ ಸುತ್ತಿಕೊಂಡಿತು, ಹಿಂದೆ ಬಾಲ ಹಿಡಿದು ಈಜುತ್ತಿದ್ದ ಎಲ್ಬಿಯೊ "ತಲೆ ಎತ್ತು, ತಲೆ ಎತ್ತು" ಅನ್ನುತ್ತಿದ್ದ. ಆಮೇಲೆ ನೆಲ ಸಿಕ್ಕಿತು.

ಬಯಲಿನ ಅಂಚಿನಲ್ಲಿ ಆಗಲೇ ಇಪ್ಪತ್ತು ಮೂವತ್ತು ಜನ ಸೇರಿದ್ದರು. ದೋಣಿ ಬೇರೆ ಊರಿನಲ್ಲಿ ಮನೆಯ ಮಾಡು ಹತ್ತಿದವರನ್ನು ಇಳಿಸುತ್ತಿದೆ, ಹೊರಟಿದೆ, ಬರುತ್ತಿದೆ ಎಂದು ಚೌಕಿಯವರು ಹೇಳುತ್ತಿದ್ದರು. ಎಲ್ಬಿಯೊ ಕುದುರೆಯನ್ನು ತಿರುಗಿಸಿದ. ಅದು ನಲವತ್ತು ಹೆಜ್ಜೆ ಹೋಯಿತು. ಸೆಳೆತ ಅದನ್ನು ಪಕ್ಕಕ್ಕೆ ಒಯ್ದು ಒಂದು ಸುತ್ತು ತಿರುಗಿಸಿ ಈಚೆಗೇ ಎಸೆಯಿತು. ಮತ್ತೆ ನೀರಿಗಿಳಿಯಲು ಅದು ಒಪ್ಪಲಿಲ್ಲ. ಎಲ್ಬಿಯೊ ಅದನ್ನು ಹೊಡೆದ, ಬೈದ, ಕೊನೆಗೆ ಅದರ ಕುತ್ತಿಗೆಗೆ ಹಣೆಯಿಟ್ಟು ನಿಂತುಬಿಟ್ಟ.

ಆಗ ದಿಬ್ಬದಿಂದ ಶಿಳ್ಳೆ ಕೇಳಿಸಿತು. ಒಂದು ಉದ್ದ, ಎರಡು ಗಿಡ್ಡ. ಮಂದೆ ಹೊಳೆ ದಾಟುವಾಗ ಕೊನೆಯಲ್ಲಿರುವವನು ಹೊಡೆಯುತ್ತಲೇ ಇರಬೇಕಾದ ಶಿಳ್ಳೆ ಅದು. ನಾನಿದ್ದೇನೆ, ನೀವು ಮುಂದೆ ನೋಡಿ ಎಂಬುದು ಅದರ ಅರ್ಥ. ಎಲ್ಬಿಯೊ ಎರಡು ಬೆರಳು ಬಾಯಿಗಿಟ್ಟು ಉತ್ತರ ಕೊಟ್ಟ. ಹೀಗೇ ನಡೆಯಿತು, ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು. ಹೊತ್ತು ಇಳಿಯುತ್ತಿತ್ತು. ದಿಬ್ಬ ಮೊದಲು ಒಂದು ಗೆರೆಯಾಯಿತು, ಆಮೇಲೆ ಗೆರೆಯೂ ಹೋಗಿ ಅದರ ಮೇಲಿನ ವಿಲೋ ಮರಗಳ ತಲೆ ಮಾತ್ರ ಉಳಿಯಿತು. ಶಿಳ್ಳೆ ಈಗ ಮೇಲಿನಿಂದ ಬರುತ್ತಿತ್ತು. ಆ ಸೊಂಟದಲ್ಲಿ ಅವನು ಮರ ಹತ್ತಿದ್ದಾದರೂ ಹೇಗೆ ಎಂದು ಯಾರೋ ಪಿಸುಗುಟ್ಟಿದರು.

ರೊಮಿಲ್ಡಾ ನೀರಿನಂಚಿನಲ್ಲಿ ಕಂಬಳಿ ಹೊದ್ದು ನಿಂತಿದ್ದಳು. ಅವಳಿಗೆ ಪ್ರಾರ್ಥನೆಯೂ ನೆನಪಾಗಲಿಲ್ಲ. ಒಂದು ಶಿಳ್ಳೆಯಿಂದ ಮುಂದಿನ ಶಿಳ್ಳೆಯವರೆಗೆ ಉಸಿರು ಹಿಡಿಯುವುದು, ಕೇಳಿಸಿದಾಗ ಬಿಡುವುದು, ಅಷ್ಟೇ ಮಾಡುತ್ತಿದ್ದಳು. ಮಧ್ಯದ ಬಿಡುವು ಉದ್ದವಾಗುತ್ತ ಹೋಯಿತು. ಉದ್ದ ಶಿಳ್ಳೆ ಗಿಡ್ಡವಾಯಿತು, ಗಿಡ್ಡದ್ದು ಬರೀ ಗಾಳಿಯಾಯಿತು. ಎಲ್ಬಿಯೊ ಶಿಳ್ಳೆ ಹೊಡೆದ. ಉತ್ತರವಿಲ್ಲ. ಮತ್ತೆ ಹೊಡೆದ. ಇಲ್ಲ.

ಕಂಬಳಿ ಕೆಳಗೆ ಬಿತ್ತು. ಅವಳು ನೀರಿಗೆ ಇಳಿದಾಗಿತ್ತು. ಎಲ್ಬಿಯೊ ಹಿಂದಿನಿಂದ ಸೊಂಟಕ್ಕೆ ಕೈ ಹಾಕಿ ಎಳೆದ. ಅವಳು ಅವನ ಮುಖಕ್ಕೆ ಹೊಡೆದಳು, ಕೈ ಕಚ್ಚಿದಳು. "ಬಿಡೋ! ನಾನೇ ಕೂಡಿ ಹಾಕಿದ್ದು ಕಣೋ, ದನಾನ ಕೂಡಿ ಹಾಕಿದ ಹಾಗೆ, ನಾನೇ!"

"ಕಚ್ಚು" ಅಂದ ಎಲ್ಬಿಯೊ. "ಎಷ್ಟು ಬೇಕಾದ್ರೂ ಕಚ್ಚಮ್ಮ ರೊಮಿಲ್ಡಾ. ಬಿಡಲ್ಲ."

ದೋಣಿ ಬಂದಾಗ ಸೂರ್ಯ ಹುಲ್ಲಿನ ಮಟ್ಟಕ್ಕೆ ಇಳಿದಿದ್ದ. ಮೋಟಾರಿನ ಸದ್ದು ಮರಗಳ ಕಡೆ ಹೋಯಿತು, ನಿಂತಿತು. ತುಂಬ ಹೊತ್ತು ನಿಂತೇ ಇತ್ತು. ಆಮೇಲೆ ಮತ್ತೆ ಶುರುವಾಯಿತು.

ಅವನು ತನ್ನ ನಡುಪಟ್ಟಿಯಿಂದ ತನ್ನನ್ನೇ ವಿಲೋ ಮರದ ಕವಲಿಗೆ ಕಟ್ಟಿಕೊಂಡಿದ್ದನಂತೆ. ಗಂಟು ಬಿಚ್ಚಲಾಗದೆ ಕತ್ತರಿಸಬೇಕಾಯಿತಂತೆ. ಚಳಿಗೆ ದವಡೆ ಕಚ್ಚಿಹೋಗಿತ್ತು, ಶಿಳ್ಳೆ ನಿಂತದ್ದು ಅದಕ್ಕೆ. ದಡಕ್ಕೆ ಇಳಿಸಿದಾಗ ಮುಖ ಮೇಣದ ಹಾಗಿತ್ತು, ಒಂದು ಕಾಲಿನಲ್ಲಿ ಚಪ್ಪಲಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಉಸಿರಾಡುತ್ತಿದ್ದ. ಊರಿಗೆ ಊರೇ ಸುತ್ತ ನಿಂತಿತ್ತು.

ಅವನ ಕಣ್ಣು ಆ ಮುಖಗಳನ್ನೆಲ್ಲ ಸುತ್ತಿ ತಂಗಿಯ ಮೇಲೆ ನಿಂತಿತು. ತುಟಿ ಅಲುಗಿತು. ಅವಳು ಕಿವಿಯನ್ನು ಬಾಯಿಯ ಹತ್ತಿರ ತಂದಳು.

"ಕುದುರೆ" ಅಂದ. "ಕುದುರೆ ಹುಡುಕೋಕೆ ಹೋಗಿದ್ದೆ ಅನ್ನು."

ಆಂಬುಲೆನ್ಸಿನ ನರ್ಸು ಅಷ್ಟರಲ್ಲಿ ಕೇಳಿದಳು: "ಇವರು ಈ ಹೊತ್ತಿನಲ್ಲಿ ಅಲ್ಲಿಗೆ ಯಾಕೆ ಹೋಗಿದ್ರು?"

ರೊಮಿಲ್ಡಾ ಎದ್ದು ನಿಂತಳು. ಎಲ್ಲರಿಗೂ ಕೇಳಿಸುವಂತೆ ಹೇಳಿದಳು. "ಕುದುರೆ ತಪ್ಪಿಸಿಕೊಂಡಿತ್ತು. ಹುಡುಕೋಕೆ ಹೋಗಿದ್ದ."

ಅತಾಲಿವಾ ಕುದುರೆಗಳನ್ನು ಮಾರಿ ಆರು ವರ್ಷವಾಯಿತೆಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಒಂದನ್ನು ಕೊಂಡವನು ಅಲ್ಲೇ ಮೂರನೆಯ ಸಾಲಿನಲ್ಲಿ ನಿಂತಿದ್ದ. ಯಾರೂ ನಗಲಿಲ್ಲ. ಎಲ್ಬಿಯೊ ಒದ್ದೆ ಟೋಪಿಯನ್ನು ತೆಗೆದು ಸ್ಟ್ರೆಚರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. ಅವನ ಕೈಯಿಂದ ರಕ್ತ ಸೋರುತ್ತಿತ್ತು.

"ಯಾವ ಬಣ್ಣದ್ದು?" ಎಂದು ಕೇಳಿದ.

ಅತಾಲಿವಾ ಬಹಳ ಹೊತ್ತು ಯೋಚಿಸಿದ. "ಕಂದು. ಒಂದು ಕಾಲು ಬಿಳಿ."

"ಯಾವ ಕಾಲು?"

"ಹಿಂದಿಂದು. ಎಡ."

"ಸರಿ. ನೀರಿಳಿಯಲಿ, ನಾನು ಹುಡುಕ್ತೀನಿ."

ಅತಾಲಿವಾ ಬದುಕಿದ. ಇಪ್ಪತ್ಮೂರು ದಿನ ಆಸ್ಪತ್ರೆಯಲ್ಲಿದ್ದ. ಎದೆಯಲ್ಲಿ ಕಫ ಕಟ್ಟಿ ಎರಡು ಸಲ ಇನ್ನು ಉಳಿಯುವುದಿಲ್ಲವೆಂದು ರೊಮಿಲ್ಡಾಳನ್ನು ಕರೆಸಿದರು. ಸೊಂಟ ಮಾತ್ರ ಮತ್ತೆ ಸರಿಹೋಗಲಿಲ್ಲ. ಮೂರು ವಾರ ಕದ್ದು ಕದ್ದು ನಡೆದು ಗಳಿಸಿಕೊಂಡದ್ದೆಲ್ಲ ಆ ಒಂದು ಮರ ಹತ್ತುವುದರಲ್ಲಿ ಮುಗಿದುಹೋಗಿತ್ತು. ಆಮೇಲೆ ಅವನು ಗಾಲಿ ಕುರ್ಚಿಯಿಂದ ಏಳಲಿಲ್ಲ.

ಊರಿನ ಆಡಳಿತದವರು ನಡೆದದ್ದನ್ನೆಲ್ಲ ಬರೆದುಕೊಡಿ ಎಂದು ರೊಮಿಲ್ಡಾಗೆ ಒಂದು ಹಾಳೆ ಕೊಟ್ಟರು. ಬರೆಯುವ ರೀತಿ ಬದಲಿಸಿದರೆ ಕೆಲಸ ಉಳಿಯುತ್ತದೆ, ಗಾಳಿಗೆ ಕೂಗು ಕೇಳಿಸಲಿಲ್ಲ ಎಂದಷ್ಟೇ ಬರೆಯಿರಿ ಎಂದು ಅಲ್ಲಿನ ಗುಮಾಸ್ತೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ರೊಮಿಲ್ಡಾ ಅಡುಗೆಮನೆಯ ಮೇಜಿನ ಮೇಲೆ ಮೂರು ದಿನ ಆ ಹಾಳೆ ಇಟ್ಟುಕೊಂಡು ಕೂತಳು. ಕೊನೆಗೆ ಬರೆದಳು: ಹಾದಿಯನ್ನು ಕೊನೆಯವರೆಗೆ ನಡೆದು ನೋಡದೆ ನಾನು ಬೀಗ ಹಾಕಿದೆ. ಗೇಟು ಮುಚ್ಚಿದ್ದನ್ನು ನೋಡಿ ಯಾರೂ ಇಲ್ಲವೆಂದು ತಿಳಿದೆ. ನಡೆದಿದ್ದರೆ ಅಣ್ಣ ಸಿಗುತ್ತಿದ್ದ. ತಪ್ಪು ನನ್ನದು, ಗಾಳಿಯದಲ್ಲ. ನನ್ನನ್ನು ಮೊದಲು ದಾಟಿಸಿದರು, ನಾನು ದಾಟಿದೆ.

ಒಳಗಿದ್ದ ವ್ಯಕ್ತಿ ಯಾವ ಉದ್ದೇಶದಿಂದ ಹೋಗಿದ್ದರು ಎಂಬ ಕೊನೆಯ ಸಾಲಿಗೆ ಬಂದಾಗ ಅವಳು ಪೆನ್ನು ಕೆಳಗಿಟ್ಟಳು. ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಅಣ್ಣ ನಿದ್ದೆ ಮಾಡುತ್ತಿದ್ದ. ಸ್ವಲ್ಪ ಹೊತ್ತು ಅವನನ್ನು ನೋಡಿದಳು. ಆಮೇಲೆ ಉಳಿದದ್ದಕ್ಕಿಂತ ದುಂಡಗೆ ಬರೆದಳು: ಕುದುರೆ ಹುಡುಕಲು. ಕಂದು ಬಣ್ಣ, ಹಿಂದಿನ ಎಡಗಾಲು ಬಿಳಿ. ಇನ್ನೂ ಸಿಕ್ಕಿಲ್ಲ.